ಹತ್ತು ಎಣಿಸುವುದರೊಳಗೆ ತುಂಬಬೇಕಾದ ಕೊಡ

ಯಾದಗಿರಿ, ಶಹಾಪುರ, ಸುರಪುರ ಈ ಮೂರೂ ಕಡೆ ಸೇರಿ ನಲವತ್ತೆರಡು ಜಲಪಾತಗಳಿವೆ ಎಂದು ಎದೆ ತಟ್ಟಿ ಹೇಳುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಇದ್ದಾನೆ. ಅವನು ನಮ್ಮ ಮಾಮ. ನಮ್ಮ ಸೀಮೆ ಕಂಡವರು ಕೇಳಿಯೇ ಕೇಳುತ್ತಾರೆ: ಇಲ್ಲಿ ಬಂಡೆಯುಂಟು, ಬಿಸಿಲುಂಟು, ತೊಗರಿಯುಂಟು, ಜಲಪಾತ ಎಲ್ಲಿಂದ ಬಂತು? ನಾನೂ ಒಮ್ಮೆ ಕೇಳಿದೆ.

"ಗೌಂಡಿ ಕಣ್ಣಾಗ ಸಿಮೆಂಟ್ ಕುಂತಿರತೈತಿ ಅಳಿಯಾ, ನಿನಗೆಲ್ಲಿ ಕಾಣಬೇಕು" ಎಂದ.

ಅವನು ನನ್ನ ಅವ್ವನ ತಮ್ಮ, ನನ್ನ ಹೆಂಡತಿಯ ಅಪ್ಪ. ಹೀಗಾಗಿ ನಮ್ಮ ಮನೆಯಲ್ಲಿ ಅವನ ಬಗ್ಗೆ ಒಂದು ಮಾತು ಜಾರಿದರೆ ಅಡುಗೆಮನೆಯಿಂದ ಒಂದು ದನಿ, ಪಡಸಾಲೆಯಿಂದ ಒಂದು ದನಿ, ಎರಡೂ ಒಟ್ಟಿಗೆ ಬರುತ್ತವೆ. ಇಲ್ಲಿ ಬರೆಯುವಾಗ ಏಕವಚನ ಬಳಸಿದ್ದೇನೆ. ಎದುರಿಗೆ ಬಳಸಿದರೆ ಆ ದಿನ ನನಗೆ ರೊಟ್ಟಿ ಇಲ್ಲ.

ನನ್ನ ಬಗ್ಗೆಯೂ ಎರಡು ಮಾತು ಹೇಳಿಬಿಡುತ್ತೇನೆ. ಐದನೇ ಇಯತ್ತೆ ಮುಗಿಯುವ ಮೊದಲೇ ಶಾಲೆ ಬಿಟ್ಟು ಗೋಡೆ ಕಟ್ಟುವ ಗೌಂಡಿಯಾದವನು ನಾನು. ಆದರೆ ಕೃಷ್ಣೆಯ ಕಾಲುವೆ ಬಂದ ಮೇಲೆ ದೇವಾಪುರದ ಆಚೆ ಈಚೆ ಎದ್ದ ಎಷ್ಟೋ ಗೋಡೆಗಳು ನನ್ನ ಕೈಯವು. ಯಾವುದೇ ಗೋಡೆಯ ಮೇಲೆ ರಸಮಟ್ಟ ಇಟ್ಟು ನೋಡಿ, ಒಳಗಿನ ಗುಳ್ಳೆ ಗಂಡನ ಮನೆಗೆ ಹೊಂದಿಕೊಂಡ ಸೊಸೆಯ ಹಾಗೆ ನಡುವೆ ಕೂತಿರುತ್ತದೆ. ಇಷ್ಟು ಸಾಕು. ಮಾಮನ ವಿಷಯಕ್ಕೆ ಬರೋಣ.

ಮಾಮನದು ಸೀರೆ ವ್ಯಾಪಾರ. ಸೈಕಲ್‌ಮೋಟಾರಿನ ಹಿಂದೆ ಸೀರೆಯ ಗಂಟು, ಆ ಗಂಟಿನ ಮೇಲೆ ಹಗ್ಗದಿಂದ ಬಿಗಿದ ಒಂದು ಹಳೆಯ ತಾಮ್ರದ ಕೊಡ. ಕೊಡದ ಹೊಟ್ಟೆಯಲ್ಲಿ ಅಂಗೈಯಷ್ಟು ತಗ್ಗು. ಊರೂರು ತಿರುಗುವಾಗ ಹೆಣ್ಣುಮಕ್ಕಳು ಸೀರೆ ಬಿಟ್ಟು ಆ ಕೊಡದ ಮೇಲೆಯೇ ಕಣ್ಣು ಹಾಕುತ್ತಿದ್ದರು.

"ಕೊಡ ಎಷ್ಟರದ್ರಿ ಅಣ್ಣಾರ?"

"ಅದು ಮಾರಾಕಲ್ಲವ್ವಾ, ಅಳತಿಗಿ."

"ಏನ ಅಳಿತೀರಿ?"

"ಜಲಪಾತ."

ಆಕೆ ಅರ್ಧ ಬಾಗಿಲು ಹಾಕಿ, "ಸೀರಿ ನಾಳಿ ನೋಡ್ತೀನಂತ ಹೋಗ್ರಿ" ಎನ್ನುತ್ತಿದ್ದಳು.

ಮಾಮನ ಅಳತೆ ಸರಳ. ಬೀಳುವ ನೀರಿಗೆ ಕೊಡ ಹಿಡಿಯಬೇಕು, ಎಣಿಸಬೇಕು. ಹತ್ತು ಎನ್ನುವುದರೊಳಗೆ ತುಂಬಿದರೆ ಅದು ಜಲಪಾತ. ಹತ್ತು ದಾಟಿದರೆ ಅದು ನಳ. ಒಮ್ಮೆ ಶಹಾಪುರದ ಗುಡ್ಡದ ಹಿಂದೆ ಒಂದು ಬಂಡೆಯ ಬಿರುಕಿಗೆ ಕೊಡ ಹಿಡಿದು ನನ್ನನ್ನು ಎಣಿಸಲು ಕೂರಿಸಿದ. ನಾನು ಇನ್ನೂರರವರೆಗೆ ಬಂದಿದ್ದೆ. ಅಷ್ಟರಲ್ಲಿ ಎಲ್ಲಿಂದಲೋ ಒಂದು ಆಡು ಬಂದು ಕೊಡಕ್ಕೆ ಬಾಯಿ ಹಾಕಿ ಕುಡಿದು ಹೋಯಿತು.

"ಎಣಸೂದು ನಿಲ್ಲಸಬ್ಯಾಡ" ಎಂದ ಮಾಮ. "ಆಡು ಕುಡಿದದ್ದು ಆಮ್ಯಾಲೆ ಕಳೆಯೋಣ."

"ಮಾಮಾ, ಇದು ನಳನೂ ಅಲ್ರಿ, ಬೆವರು. ಇಂಥವನ್ನೆಲ್ಲ ಸೇರಿಸಿ ನಲವತ್ತೆರಡು ಅಂತೀರೇನು?"

"ನಲವತ್ತೆರಡು ಅದಾವ ಅಂದೀನಿ. ಎಲ್ಲಾ ಪಾಸ್ ಆಗ್ಯಾವ ಅಂದೀನೇನು? ಶಾಲಿಗಿ ಹೋದವ್ರೆಲ್ಲ ಪಾಸ್ ಆಗ್ತಾರೇನು? ನಿನ್ನ ನೋಡು."

ಈ ಹುಚ್ಚು ಯಾವಾಗ ಹಿಡಿಯಿತು ಎಂಬುದನ್ನು ಅವ್ವ ನಗುತ್ತ ಹೇಳುತ್ತಿದ್ದಳು. ಅವರು ಹುಟ್ಟಿ ಬೆಳೆದದ್ದು ಬಳಿಚಕ್ರದಲ್ಲಿ. ಅಲ್ಲಿ ಮಳೆ ಬಂದರೆ ಬೆಳೆ, ಬಾವಿಗೆ ಹೋದರೆ ನೀರು. ಬಾವಿಯೋ ಊರಾಚೆ, ಎರಡು ಹೊಲ ದಾಟಿ. ಅವ್ವನಿಗೆ ಹನ್ನೆರಡು, ಮಾಮನಿಗೆ ನಾಲ್ಕು. ಅವ್ವನ ತಲೆಯ ಮೇಲೆ ಕೊಡ, ಕಂಕುಳಲ್ಲಿ ತಮ್ಮ. ಒಂದು ದಿನ ಕಂಕುಳಲ್ಲಿದ್ದವನು ಯಾವುದೋ ಹಕ್ಕಿ ನೋಡಿ ಜಿಗಿದ. ಅವ್ವ ಮುಗ್ಗರಿಸಿದಳು. ಎರಡರಲ್ಲಿ ಒಂದನ್ನು ಬಿಡಲೇಬೇಕಿತ್ತು.

"ಕೊಡ ಬಿಟ್ಟೆ" ಎನ್ನುತ್ತಿದ್ದಳು ಅವ್ವ. "ಈಗ ನೋಡಿದ್ರ ಕೊಡನ ಹಿಡಕೋಬೇಕಿತ್ತು ಅನಸತೈತಿ. ಅದು ಇಷ್ಟು ಹೈರಾಣ ಮಾಡತಿರಲಿಲ್ಲ."

ಕೊಡದ ತಗ್ಗು ಆವತ್ತಿನದು. ಚೆಲ್ಲಿದ ನೀರಿಗೆ ಅಕ್ಕ ಮನೆಯಲ್ಲಿ ಏಟು ತಿಂದದ್ದನ್ನು ನೋಡಿ ಆ ನಾಲ್ಕು ವರ್ಷದವನು ಮಾತು ಕೊಟ್ಟನಂತೆ: "ಅಕ್ಕಾ, ನೀ ಹೊರೂದ ಬ್ಯಾಡ, ತಾನ ಬಂದು ನಿನ್ನ ತಲಿ ಮ್ಯಾಲೆ ಬೀಳೂ ನೀರು ತೋರಸ್ತೀನಿ." ಎಲ್ಲ ಮಕ್ಕಳೂ ಇಂಥ ಮಾತು ಕೊಡುತ್ತಾರೆ. ಅರವತ್ತಾದರೂ ಅದನ್ನೇ ಹಿಡಿದುಕೊಂಡು ಗುಡ್ಡ ಹತ್ತುವವರು ಯಾರಿದ್ದಾರೆ?

"ಮನ್ಯಾಗ ನಳ ಬಂದೈತಲ್ರಿ ಮಾಮಾ, ಊರ ಹಿಂದ ಕಾಲುವಿ ಐತಿ. ಇನ್ನೇನ ಬೇಕು?" ಎಂದರೆ, "ನಳದ ಕೆಳಗ ಬಕೀಟ ಇಡಬೇಕೋ ಬ್ಯಾಡೋ? ಆ ಬಕೀಟ ಎತ್ತೂದು ಯಾರು? ನಿಮ್ಮವ್ವ" ಎಂದು ಬಾಯಿ ಮುಚ್ಚಿಸುತ್ತಿದ್ದ.

ಒಂದು ಶ್ರಾವಣದಲ್ಲಿ ಮಾಮ ಬಾಗಿಲಿಗೆ ಬಂದು ನಿಂತ. ಮುಖ ಹೊಸ ಹಿತ್ತಾಳೆಯ ಹಾಗೆ ಹೊಳೆಯುತ್ತಿತ್ತು. "ಸಿಕ್ತು. ಆರು ಎಣಸೂದರಾಗ ತುಂಬಿ ಚೆಲ್ಲೇತಿ!" ಜಾಗ ಎಲ್ಲಿ ಎಂದರೆ ಹೇಳಲಿಲ್ಲ. ಗುಟ್ಟಿನ ಜಲಪಾತವಂತೆ, ಹೇಳಿದರೆ ಜನ ಮುತ್ತುತ್ತಾರಂತೆ. ಅವ್ವನ ಮೊಣಕಾಲು ಆಗಲೇ ಕೈಕೊಟ್ಟಿತ್ತು. ಒಲ್ಲೆ ಒಲ್ಲೆ ಎಂದರೂ ಬಿಡದೆ, ಮೂರನೆಯ ದಿನ ಟಂಟಂ ಆಟೊ ಮಾಡಿ, ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಬುತ್ತಿ ಕಟ್ಟಿಸಿ ಎಲ್ಲರನ್ನೂ ಹೊರಡಿಸಿದ. ಟಂಟಂ ಇಳಿದ ಮೇಲೆ ಜಾಲಿಯ ನಡುವೆ ಅರ್ಧ ತಾಸು ನಡಿಗೆ. ಅವ್ವ ಹತ್ತು ಹೆಜ್ಜೆಗೊಮ್ಮೆ ಕೂತಳು.

ಹೋಗಿ ನೋಡಿದರೆ ಒಂದು ಹನಿ ನೀರಿಲ್ಲ. ಒಣಗಿದ ಕಲ್ಲಿನ ಮೇಲೆ ಓತಿಕ್ಯಾತ ತಲೆ ಆಡಿಸುತ್ತಿತ್ತು. ಕೆಳಗೆ ಹಳ್ಳದಲ್ಲಿ ಎಮ್ಮೆ ಕಾಯುತ್ತಿದ್ದ ಒಬ್ಬ ಮುದುಕ ನಮ್ಮ ಬುತ್ತಿಯ ಗಂಟನ್ನೂ ಮುಖಗಳನ್ನೂ ಸರದಿಯಲ್ಲಿ ನೋಡಿದ.

"ಜಲಪಾತ ಎಲ್ಲಿ ಹೋತು?" ಎಂದ ಮಾಮ, ಮನೆಯಲ್ಲಿಲ್ಲದ ನೆಂಟನ ಬಗ್ಗೆ ಕೇಳುವ ಹಾಗೆ.

"ಎಂಥಾ ಜಲಪಾತ್ರಿ ಯಜಮಾನ್ರ? ಕಾಲುವ್ಯಾಗ ಹೆಚ್ಚಾದ ನೀರು ಹಳ್ಳಕ್ಕ ಬಿಡೂ ಕಟ್ಟಿ ಇದು. ಈ ವಾರ ನಮ್ಮ ಕಡಿ ಸರದಿ ಇಲ್ಲ, ಕಾಲುವಿ ಬಂದ್ ಐತಿ. ಮುಂದಿನ ವಾರ ಬರ್ರಿ, ಬೀಳತೈತಿ."

ನಾನು ಕಟ್ಟೆಯ ಗೋಡೆಯ ಹತ್ತಿರ ಹೋದೆ. ಕಲ್ಲಿನ ಸಂದಿಯಲ್ಲಿ ಸಿಮೆಂಟು ಒತ್ತಿದ ರೀತಿ ನೋಡಿದೆ. ಹೆಬ್ಬೆರಳಿನ ಎಳೆತ ನೋಡಿದೆ. ತಂದೆಗೆ ಮಗನ ಮುಖ ಮರೆಯುತ್ತದೆಯೇ?

"ಮಾಮಾ, ಈ ಜಲಪಾತ ಕಟ್ಟಿದಾಂವ ನಾನ ಅದೀನ್ರಿ" ಎಂದೆ.

ಅವ್ವ ಕಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚುತ್ತ ಹೇಳಿದಳು: "ಮಗ ಕಟ್ಟ್ಯಾನ, ತಮ್ಮ ಹುಡುಕ್ಯಾನ. ನೀರಿಗಷ್ಟ ಗೊತ್ತಿಲ್ಲ. ಬರ್ರಿ, ಉಣ್ಣರಿ."

ನಕ್ಕೆವು. ಆದರೆ ಆ ನಡಿಗೆಗೆ ಅವ್ವನ ಮೊಣಕಾಲು ಊದಿಕೊಂಡು ಎಂಟು ದಿನ ನೆಲಕ್ಕೆ ಕೂರಲಾಗಲಿಲ್ಲ. ಮಾಮ ದಿನಾ ಬಂದು ಹೊಸ್ತಿಲಾಚೆ ಕೂತು ಹೋಗುತ್ತಿದ್ದ, ಒಳಗೆ ಬರುತ್ತಿರಲಿಲ್ಲ. ಒಂಬತ್ತನೆಯ ದಿನ ಅವ್ವ ಕರೆದಳು.

"ಏ ತಮ್ಮಾ, ಇನ್ನ ಒಂದ ಸಲ ಬರ್ತೀನಿ. ಒಂದ. ಆಮ್ಯಾಲೆ ಈ ಕಾಲು ನನ್ನ ಮಾತು ಕೇಳೂದಿಲ್ಲ. ಬರೋಬ್ಬರಿ ನೋಡಿಕೊಂಡು ಕರಿ."

ಒಂದೇ ಸಲ. ಅಂದಿನಿಂದ ಮಾಮನ ಮಾತು ಕಡಿಮೆಯಾಯಿತು, ತಿರುಗಾಟ ಹೆಚ್ಚಾಯಿತು. ಸೀರೆ ಬಿಚ್ಚಿ ತೋರಿಸುವ ಮೊದಲೇ "ನಿಮ್ಮ ಕಡಿ ಎಲ್ಲೆರ ನೀರು ಬೀಳತೈತೇನ್ರಿ? ಕಾಲುವಿದಲ್ಲ, ದೇವರದು" ಎಂದು ಕೇಳುತ್ತಿದ್ದ. ಕೊನೆಗೆ ಕೊಡೇಕಲ್ ದಿಕ್ಕಿನ ಒಂದು ಊರಲ್ಲಿ ಕುರಿ ಕಾಯುವ ಮುದುಕಿಯೊಬ್ಬಳು, ಒಂದು ಇಳಕಲ್ ಸೀರೆಯನ್ನು ಕಡಿಮೆ ಬೆಲೆಗೆ ಒಪ್ಪಿಸಿಕೊಂಡ ಮೇಲೆ, ಬಾಯಿ ಬಿಟ್ಟಳು. ಊರ ಹಿಂದಿನ ಗುಡ್ಡದಲ್ಲಿ ಎರಡು ಬಂಡೆಗಳ ಸಂದಿ ಇದೆ, ಹೊರಗಿನಿಂದ ಕಾಣುವುದಿಲ್ಲ, ದೊಡ್ಡ ಮಳೆಯಾದ ಮೇಲೆ ಆ ಸಂದಿಯೊಳಗೆ ಎಂಟು ದಿನ ನೀರು ಬೀಳುತ್ತದೆ.

ದೊಡ್ಡ ಮಳೆಯಾಯಿತು. ಮಾಮ ನನ್ನನ್ನೂ ಎಳೆದುಕೊಂಡು ಹೋದ. ಬಂಡೆ ಹಿಡಿದು, ಮುಳ್ಳು ಸರಿಸಿ, ಅಡ್ಡ ತಿರುಗಿ ಸಂದಿಯೊಳಗೆ ಹೊಕ್ಕೆವು. ಒಳಗೆ ತಂಪು. ಎರಡಾಳು ಎತ್ತರದಿಂದ ನೀರು ಬಿಳಿಯ ಸೆರಗಿನ ಹಾಗೆ ಇಳಿಯುತ್ತಿತ್ತು. ಮಾಮ ಕೊಡ ಹಿಡಿದ. ನಾನು ಎಣಿಸಿದೆ. ಎಂಟಕ್ಕೆ ತುಂಬಿತು. ಕಲ್ಲು ತಟ್ಟಿ ನೋಡಿದೆ, ನಾನು ಕಟ್ಟಿದ್ದಲ್ಲ.

ಆದರೆ ಅವ್ವ ಹತ್ತುವುದು ಹೇಗೆ? ಸಂದಿಯವರೆಗಿನ ಏರು ಆಡಿಗೂ ಕಷ್ಟ.

"ನಾನ ಹೊತಗೊಂಡ ಹೋಗ್ತೀನಿ" ಎಂದ ಮಾಮ. ಅವನ ತೂಕ ಸೀರೆಯ ಗಂಟಿಗಿಂತ ಕಡಿಮೆ.

"ಮಾಮಾ, ನೀರು ಹುಡುಕೂದು ನಿಮ್ಮ ಕೆಲಸ. ದಾರಿ ನನಗ ಬಿಡ್ರಿ" ಎಂದೆ. ಆಗ ನನ್ನ ಕೆಲಸವೂ ಅಲ್ಲೇ ಹತ್ತಿರದ ಮರಿಗಾಲುವೆಯ ಮೇಲಿತ್ತು. ಬೆಳಿಗ್ಗೆ ಗುಡ್ಡ, ಬಿಸಿಲೇರಿದ ಮೇಲೆ ಕಾಲುವೆ ಎಂದು ಲೆಕ್ಕ ಹಾಕಿಕೊಂಡೆ.

ಮನೆಗೆ ಬಂದು ಅವ್ವನ ಮುಂದೆ ಇಟ್ಟಿಗೆ ಇಟ್ಟು ಕಾಲು ಎತ್ತಿಡಲು ಹೇಳಿದೆ. ಒಂದಕ್ಕೆ ಇಟ್ಟಳು. ಎರಡಕ್ಕೆ ಗೋಡೆ ಹಿಡಿದಳು.

"ಏನ್ ಮಾಡಾಕತ್ತೀಯೋ? ನನ್ನ ಸಮಾಧಿಗಿ ಅಳತಿ ತಗೋತೀಯೇನು?"

"ಅದಕ್ಕ ಉದ್ದ ಅಳೀತಾರವ್ವಾ. ಇದು ಎತ್ತರ" ಎಂದೆ. ಒಳಗಿನಿಂದ ಹೆಂಡತಿ, "ಅತ್ತಿ, ಅಪ್ಪನ ಹುಚ್ಚು ಇವರಿಗೂ ಅಂಟೇತ್ರಿ" ಎಂದಳು.

ಒಂದೂವರೆ ಇಟ್ಟಿಗೆ. ಅದು ಅವ್ವನ ಮೆಟ್ಟಿಲು. ಸರಕಾರದ ಮೆಟ್ಟಿಲು ಎಲ್ಲರಿಗೂ ಒಂದೇ ಅಳತೆ. ನಾನು ಒಬ್ಬಳ ಮೊಣಕಾಲಿಗೆ ಮೆಟ್ಟಿಲು ಕಟ್ಟಿದವನು. ಸಿಮೆಂಟಿಲ್ಲ, ಕಲ್ಲಿಗೆ ಕಲ್ಲು ಕಚ್ಚಿಸಿ, ಮೇಲೆ ಕುಣಿದರೂ ಅಲುಗದ ಹಾಗೆ. ಮಾಮ ಕಲ್ಲು ತಂದು ಕೊಡುತ್ತಿದ್ದ, ನಡುವೆ ಮೇಲೆ ಹೋಗಿ ಕೊಡ ಹಿಡಿದು ಬರುತ್ತಿದ್ದ. ಮಳೆ ಮತ್ತೆ ಬರಲಿಲ್ಲ. ಮೊದಲ ದಿನ ಎಂಟಿದ್ದದ್ದು ಮೂರನೆಯ ದಿನ ಹನ್ನೊಂದಾಯಿತು. ನನ್ನ ಮೆಟ್ಟಿಲು ಏರಿದ ಹಾಗೆ ಅವನ ಎಣಿಕೆಯೂ ಏರುತ್ತಿತ್ತು. ಐದನೆಯ ದಿನ ಇಳಿದು ಬಂದವನು ಕೊಡವನ್ನು ಪಕ್ಕಕ್ಕಿಟ್ಟು ಕೂತ.

"ಎಷ್ಟ್ರಿ ಮಾಮಾ?"

"ಹತ್ತೊಂಬತ್ತು."

"ಹತ್ತು ದಾಟಿದ್ರ ನಳ ಅಂತಿದ್ರಿ."

"ಹತ್ತು ಅಂತ ಕಾನೂನು ಮಾಡಿದ್ದು ಯಾರು? ನಾನು. ಇವತ್ತಿಂದ ಮೂವತ್ತು" ಎಂದ. ಆಮೇಲೆ ದನಿ ತಗ್ಗಿಸಿ, "ಜಲ್ದಿ ಮಾಡೋ ಅಳಿಯಾ" ಎಂದ. ಹೀಗೆ ಅವನು ನನ್ನನ್ನು ಬೇಡಿಕೊಂಡದ್ದು ಅದೇ ಮೊದಲು. ಮಗಳನ್ನು ಕೊಡುವಾಗಲೂ ಬೇಡಿಕೊಂಡಿರಲಿಲ್ಲ, ಅಪ್ಪಣೆ ಮಾಡಿದ್ದ.

ಆ ದಿನ ನಾನು ಕಾಲುವೆಯ ಕೆಲಸಕ್ಕೆ ಹೋಗಲಿಲ್ಲ. ಸಂಜೆಗೆ ಮೂವತ್ತೆರಡನೆಯ ಮೆಟ್ಟಿಲು ಕೂತಿತು.

ಮರುದಿನ ಅವ್ವ ಹತ್ತಿದಳು. ಮೊದಲ ಮೆಟ್ಟಿಲಿಗೆ ಕಾಲಿಟ್ಟು, ನಿಂತು, ನನ್ನ ಕಡೆ ನೋಡಿದಳು. ಆವತ್ತಿನ ಇಟ್ಟಿಗೆಯ ಅಳತೆ ಯಾಕೆಂದು ಈಗ ಅವಳಿಗೆ ತಿಳಿದಿತ್ತು. ಬಂಡೆ ಹಿಡಿಯದೆ, ಯಾರ ಕೈಯನ್ನೂ ಹಿಡಿಯದೆ ಮೂವತ್ತೆರಡನ್ನೂ ಏರಿದಳು. ಹಿಂದೆ ಬರುತ್ತಿದ್ದ ಮಾಮ ಎರಡೂ ಕೈ ಚಾಚಿಕೊಂಡೇ ಬಂದ, ಗಾಜಿನ ಸಾಮಾನು ಸಾಗಿಸುವವರ ಹಾಗೆ.

ಸಂದಿಯೊಳಗೆ ನೀರು ತೆಳುವಾಗಿ, ಆದರೆ ಕಡಿಯದೆ ಬೀಳುತ್ತಿತ್ತು. ಎಣಿಸಲು ನಾನು ಸಿದ್ಧನಾಗಿದ್ದೆ. ಮಾಮ ಕೊಡವನ್ನು ನೆಲಕ್ಕಿಟ್ಟುಬಿಟ್ಟ. ಅವ್ವ ಮೇಲೆ ನೋಡಿದಳು. "ಎಲ್ಲಿಂದ ಬರತೈತೋ ಇದು" ಎಂದಳು. ಸೆರಗು ತಲೆಗೆ ಹೊದ್ದು, ಮುಂದೆ ಹೋಗಿ, ನೀರಿನ ಕೆಳಗೆ ನಿಂತಳು.

ನೀರು ತಲೆಯ ಮೇಲೆ ಬಿತ್ತು. ಬಿದ್ದ ಕೂಡಲೇ ಅವ್ವನ ಕತ್ತು ನೆಟ್ಟಗಾಯಿತು, ಬೆನ್ನು ನೆಟ್ಟಗಾಯಿತು, ಬಲಗೈ ತಾನಾಗಿ ಮೇಲೆ ಹೋಗಿ ತಲೆಯ ಪಕ್ಕ ಗಾಳಿಯನ್ನು ಹಿಡಿದು ನಿಂತಿತು. ಅಲ್ಲಿ ಇಲ್ಲದ ಕೊಡವನ್ನು ಅವಳು ಹಿಡಿದುಕೊಂಡಿದ್ದಳು. ಕಣ್ಣು ಮುಚ್ಚಿದ್ದಳು, ಅವಳಿಗೆ ಗೊತ್ತೇ ಇರಲಿಲ್ಲ.

ನಾನು ಮುಂದೆ ಹೋಗಲಿದ್ದೆ. ಮಾಮ ನನ್ನನ್ನು ಸರಿಸಿ ತಾನೇ ನೀರಿನೊಳಗೆ ಹೋದ. ಅವಳ ಆ ಕೈಯನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿದ.

"ಕೈ ಬಿಡು ಅಕ್ಕಾ" ಎಂದ. "ಏನೂ ಬೀಳೂದಿಲ್ಲ."