ಹಾಂಕಾಂಗ್ ದೊರೆಯ ಸೀನು

ಧರಣೇಂದ್ರಯ್ಯನವರು ವಿಮಾನದ ಸುಳ್ಳೊಂದನ್ನೇ ಹೇಳಿ ಸುಮ್ಮನಾಗಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಊಟವಾದ ಮೇಲೆ ಎಲೆ ಅಡಿಕೆ ಬೇಕಾಗುವಂತೆ, ಸುಳ್ಳಿನ ಕೊನೆಗೂ ಅವರಿಗೆ ಒಬ್ಬ ದೊರೆ ಬೇಕಾದ.

ಚನ್ನರಾಯಪಟ್ಟಣದ ಪೇಟೆ ಬೀದಿಯಲ್ಲಿ ಅವರದು ಹಿತ್ತಾಳೆ ಪಾತ್ರೆ ಅಂಗಡಿ. ಬೊಂಬಾಯಿಗೆ ಹೊರಟಾಗಲೇ, ಬರುವುದು ವಿಮಾನದಲ್ಲಿ ಎಂದು ಊರಿಗೆಲ್ಲ ಸಾರಿದ್ದರು. ಮಗಳು ರಾಜೀಮತಿಗೆ ಹೊಳೆನರಸೀಪುರದ ನೇಮಿರಾಜಯ್ಯನವರ ಮಗನ ಸಂಬಂಧ ಬಂದಿತ್ತು. ವಿಮಾನ ಹತ್ತಿದ ಮನೆಯ ಹುಡುಗಿ ಎಂದರೆ ತೂಕವೇ ಬೇರೆ. ಬಂದ ದಿನ ಸಂಜೆ ಅಂಗಡಿಯ ಜಗಲಿ ತುಂಬ ಜನ. ಮೆತ್ತನೆ ಸೀಟು, ಹೊಟ್ಟೆಗೆ ಬಿಗಿಯುವ ಪಟ್ಟಿ, ಕಿವಿಗೆ ಹತ್ತಿ ಎಲ್ಲವನ್ನೂ ವರ್ಣಿಸಿ, ವಿಮಾನದಲ್ಲಿ ಕೊಟ್ಟದ್ದೆಂದು ಪೆಪ್ಪರಮೆಂಟನ್ನೂ ಹಂಚಿದರು.

"ಪಕ್ಕದ ಸೀಟಲ್ಲಿ ಹಾಂಕಾಂಗಿನಿಂದ ಬಂದ ಒಬ್ಬ ಬಿಳಿ ದೊರೆ. ಇಬ್ಬರಿಗೂ ಕೈ ಇಡೋಕೆ ಒಂದೇ ಹಿಡಿ. ಮೈಯೆಲ್ಲ ನೀಲಗಿರಿ ಎಣ್ಣೆ ವಾಸನೆ. ಪಾಪ, ಹೀಗೆ ಸೀನ್ತಿದ್ದ" ಎಂದು ಮೂಗು ಮೇಲೆತ್ತಿ, "ಹಾ... ಹಾ... ಕ್ಷೀ!" ಎಂದು ಸೀನಿ ತೋರಿಸಿದರು.

ಎಲ್ಲರೂ ನಕ್ಕರು. ಆಸ್ಪತ್ರೆಯ ಕಾಂಪೌಂಡರ್ ಚಿಕ್ಕಯ್ಯ ಮಾತ್ರ ನಗಲಿಲ್ಲ. ಅದು ಐವತ್ತೇಳನೆಯ ಇಸವಿ. ಹಾಂಕಾಂಗಿನಿಂದ ಹೊರಟ ಏಷ್ಯಾ ಜ್ವರದ ಸುದ್ದಿ ಪೇಪರಿನಲ್ಲಿ ದಿನವೂ ಬರುತ್ತಿತ್ತು.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಎದುರುಮನೆ ಬೆಟ್ಟಮ್ಮ ಕಿಟಕಿಯ ಸಂದಿಯಿಂದ ಕೂಗಿದಳು.

"ಅಣ್ಣಯ್ಯ, ಅಲ್ಲೇ ನಿಂತ್ಕೊ! ನೀನು ಕೊಟ್ಟ ಪೆಪ್ಪರಮೆಂಟು ತಿಂದು ನಮ್ಮೆಜಮಾನ್ರಿಗೆ ರಾತ್ರಿಯೆಲ್ಲಾ ಒಟ್ಟೆ ತೊಳಸ್ತು ಕಣಪ್ಪ."

ಕಿಟಕಿ ಮುಚ್ಚಿತು. ಪಕ್ಕದ ಮನೆಯದೂ ಮುಚ್ಚಿತು. ಅಗುಳಿ ಬೀಳುವ ಸದ್ದು ಬೀದಿಯುದ್ದಕ್ಕೂ ಒಂದಾದ ಮೇಲೊಂದು ಕೇಳುತ್ತ ದೂರ ಹೋಯಿತು. ಒಳಗಿನಿಂದ ಬಂದ ಅವರ ತಾಯಿ ಅನಂತಮತಿ, "ಪ್ಲೇಗಿನ ವರ್ಷ ಊರು ಹೀಗೇ ಇತ್ತಪ್ಪ" ಎಂದರು.

ಅಷ್ಟರಲ್ಲಿ ಚಿಕ್ಕಯ್ಯ ಮೂಗು ಬಾಯಿಗೆ ವಸ್ತ್ರ ಕಟ್ಟಿಕೊಂಡು, ಪಿನಾಯಿಲು ಡಬ್ಬ ಹಿಡಿದು ಬಂದ.

"ಸಾ, ಕ್ರಿಮಿ ಕಣ್ಣಿಗೆ ಕಾಣಾಕಿಲ್ಲ. ಆ ಸೀಟಿನ ಹಿಡಿ ಮೇಲೆ, ಪಟ್ಟಿ ಕೊಕ್ಕೆ ಮೇಲೆ, ಊಟದ ಅಲಗೆ ಮೇಲೆ ದೇಶದೇಶದ್ದು ಕುಂತಿರ್ತವೆ. ಅವೆಲ್ಲಾ ಈಗ ನಿಮ್ಮ ಅಂಗೈಲವೆ. ಪಿನಾಯಿಲು ಆಕಿ ಉಜ್ಜುದ್ರೆ ಒಂದೂ ಉಳಿಯಾಕಿಲ್ಲ."

"ಒಂದೂ ಉಳಿಯೊಲ್ಲವೇ?" ಅನಂತಮತಿ ಅಡ್ಡ ಬಂದರು. "ಚಿಕ್ಕಯ್ಯ, ಅವೂ ಜೀವ ಅಲ್ಲವೇನಪ್ಪ? ನೀರು ಸೋಸಿ ಕುಡಿಯೋ ಜೈನರ ಮನೆ ಇದು. ಸೋಸಿದ ಬಟ್ಟೇಲಿ ಉಳಿದದ್ದನ್ನೂ ಕೊಲ್ಲದೆ ಬಾವಿಗೇ ಬಿಡ್ತೀವಿ. ದೂರದಿಂದ ಬಂದ ಜೀವಗಳನ್ನ ನನ್ನ ಅಂಗಳದಲ್ಲಿ ಸಾಯಿಸ್ತೀಯಾ?"

"ಮತ್ತೇನ್ ಮಾಡಾದು ಅವ್ವಾ?"

"ಅವಕ್ಕೆ ಅವೇ ಹೋಗಲಿ. ಹೋಗೋ ತನಕ ಇವನು ಹಿತ್ತಿಲ ಸೌದೆ ಕೊಟ್ಟಿಗೇಲಿ ಇರ್ತಾನೆ."

ತೀರ್ಪಾಯಿತು. ಕೊಟ್ಟಿಗೆಯಲ್ಲಿ ಕೂರಿಸಿ ಅನಂತಮತಿ ನಿಯಮ ಹೇಳಿದರು. ಕೈ ಉಜ್ಜಬಾರದು, ಕೆರೆಯಬಾರದು, ಮುಷ್ಟಿ ಕಟ್ಟಬಾರದು. ಮುಖ್ಯವಾಗಿ ಕೈ ಮುಗಿಯಬಾರದು. "ಮಧ್ಯೆ ಸಿಕ್ಕಿ ಸತ್ತುಹೋಗ್ತವೆ ಮಗಾ."

ಧರಣೇಂದ್ರಯ್ಯನವರು ಎರಡೂ ಅಂಗೈಗಳನ್ನು ಮುಂದೆ ಚಾಚಿ ಕೂತರು. ನಗು ಬರಬೇಕಿತ್ತು. ಅವರು ಬಂದದ್ದು ರೈಲಿನಲ್ಲಿ. ಮೂರನೇ ಕ್ಲಾಸಿನಲ್ಲಿ, ಕಕ್ಕಸಿನ ಬಾಗಿಲ ಪಕ್ಕ, ಟ್ರಂಕಿನ ಮೇಲೆ ಕೂತು ಅರಸೀಕೆರೆ ತನಕ, ಆಮೇಲೆ ಬಸ್ಸು. ಪೆಪ್ಪರಮೆಂಟು ಅರಸೀಕೆರೆ ಸ್ಟೇಷನ್ನಿನದು. ದೊರೆಯಂತೂ ಹುಟ್ಟಿದ್ದೇ ಅಂಗಡಿಯ ಜಗಲಿಯ ಮೇಲೆ.

ಆದರೂ ಅಂಗೈ ಜುಮ್ಮೆಂದಿತು. ಅರೆಗತ್ತಲಲ್ಲಿ ನೋಡಿದಷ್ಟೂ ರೇಖೆಗಳ ಮೇಲೆ ಏನೋ ಸಾಲುಗಟ್ಟಿ ನಡೆದಂತೆ ಕಂಡಿತು. ಬೀದಿಯಲ್ಲಿ ಗಾಡಿಯಿಲ್ಲ, ಮನೆಯಲ್ಲಿ ಒರಳಿನ ಸದ್ದಿಲ್ಲ, ಕಾಗೆ ಕೂಡ ಕೂಗುತ್ತಿಲ್ಲ. ಸೌದೆಯ ರಾಶಿಯ ಹಿಂದಿನಿಂದ ಸಣ್ಣಗೆ ನೀಲಗಿರಿ ಎಣ್ಣೆಯ ವಾಸನೆ ಬಂತು. ಹಿಂದೆಯೇ,

"ಹಾ... ಹಾ... ಕ್ಷೀ!"

ಅವರು ಜಗಲಿಯ ಮೇಲೆ ಸೀನಿದ ಹಾಗೆಯೇ! "ಯಾ... ಯಾರದು?" ಎಂದರು. ಎದ್ದು ನೋಡಿದರೆ ಸೌದೆಯ ಹಿಂದೆ ಬರೀ ಗೋಡೆ. ತಾನೇ ಹುಟ್ಟಿಸಿದ ದೊರೆ ತನ್ನನ್ನೇ ಹುಡುಕಿಕೊಂಡು ಬಂದನೇ? ಅವರಿಗೆ ನಿಜವಾಗಿಯೂ ಹೆದರಿಕೆಯಾಯಿತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಹೆಂಡತಿ ಜ್ವಾಲಾಮಾಲಿನಿ ದೂರದಲ್ಲೇ ನಿಂತು ಅತ್ತರು. ನೇಮಿರಾಜಯ್ಯ ಮಾತು ಮುಗಿಸಲು ಅಂದೇ ಬರುವವರಿದ್ದರು. ಹೊತ್ತು ಮುಳುಗುವುದರೊಳಗೆ ಉಣ್ಣುವ ಜನವೆಂದು ಹೋಳಿಗೆ ಆಗಲೇ ಬೆಂದಿತ್ತು.

"ಚಿಕ್ಕಯ್ಯ ಬಸ್ ಸ್ಟ್ಯಾಂಡಿಗೆ ಹೋಗ್ತಾನಂತೆ. ಬೀಗರನ್ನ ಅಲ್ಲಿಂದಲೇ ವಾಪಸು ಕಳಿಸ್ತಾನಂತೆ. ರಾಜೀಮತಿ ಅಂತ ಹೆಸರಿಡಬೇಡಿ ಅಂತ ಆಗಲೇ ಬಡಕೊಂಡೆ. ಪುರಾಣದ ರಾಜೀಮತಿಯ ಗಂಡು ಮೂಕಪ್ರಾಣಿಗಳ ಗೋಳು ಕೇಳಿ ಮದುವೆ ಬಾಗಿಲಿಂದ ಹಿಂದಕ್ಕೆ ಹೋದ. ನಮ್ಮ ಹುಡುಗಿ ಪಾಲಿಗೆ ಕ್ರಿಮಿ ಬಂದ್ವು."

ಮಾನ ಹೋದರೆ ಹೋಗಲಿ, ಮಗಳ ಸಂಬಂಧ ಉಳಿಯಲಿ ಎಂದು ಧರಣೇಂದ್ರಯ್ಯನವರು ಕೈ ಚಾಚಿಕೊಂಡೇ ಬೀದಿಗೆ ಓಡಿದರು.

"ಕೇಳ್ರಪ್ಪಾ! ನಾನು ವಿಮಾನ ಹತ್ತೇ ಇಲ್ಲ! ರೈಲಿನಲ್ಲಿ ಬಂದೆ, ಕಕ್ಕಸಿನ ಪಕ್ಕ ಕೂತು ಬಂದೆ. ದೊರೆಯೂ ಇಲ್ಲ, ಸೀನೂ ಇಲ್ಲ!"

ಬೆಟ್ಟಮ್ಮನ ಬಾಗಿಲು ತೆರೆಯಿತು.

"ರೈಲಾ? ಅಯ್ಯೋ ನಮ್ಮಪ್ಪ, ಮೊದ್ಲೇ ಏಳಬಾರದಾ? ರೈಲಿನ ಕ್ರಿಮಿ ನಮ್ಮವೇ ಕಣ್ಬುಡು!"

ಬಾಗಿಲುಗಳೆಲ್ಲ ತೆರೆದವು. ಬಸ್ ಸ್ಟ್ಯಾಂಡಿಗೆ ಹೊರಟಿದ್ದ ಚಿಕ್ಕಯ್ಯ ಅಲ್ಲೇ ನಿಂತು ವಸ್ತ್ರ ಬಿಚ್ಚಿ ನಕ್ಕ. ಊರೆಲ್ಲ ನಕ್ಕಿತು. ಮಾನ ಹೋಗಿತ್ತು, ಜೀವ ಮಾತ್ರ ಹಗುರಾಗಿತ್ತು.

ಸರಿಯಾಗಿ ಆಗಲೇ ಬೀದಿಯ ತಿರುವಿನಲ್ಲಿ ಜರಿ ಪೇಟ ಕಾಣಿಸಿತು. ನೇಮಿರಾಜಯ್ಯ! ನೇರವಾಗಿ ಬಂದವರೇ ಧರಣೇಂದ್ರಯ್ಯನವರ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದು, ಎಲ್ಲರಿಗೂ ಕೇಳುವಂತೆ ಹೇಳಿದರು.

"ಏನು ಬೀಗರೇ, ಒಂದೇ ವಿಮಾನದಲ್ಲಿ ಬಂದು ಗುರುತು ಹಿಡೀಲಿಲ್ಲವಲ್ಲ! ನಿಮ್ಮ ಹಿಂದಿನ ಸೀಟಿನಲ್ಲೇ ಇದ್ದೆ. ಆ ಹಾಂಕಾಂಗ್ ದೊರೆ ಸೀನಿ ಸೀನಿ ನನ್ನ ನಿದ್ದೇನೇ ಕೆಡಿಸಿಬಿಟ್ಟ!"

ಚಿಕ್ಕಯ್ಯನ ವಸ್ತ್ರ ಮತ್ತೆ ಮೂಗಿಗೇರಿತು. ಬಾಗಿಲುಗಳು ಧಡಧಡನೆ ಮುಚ್ಚಿದವು.

"ನೋಡುದ್ರಾ! ತಪ್ಪಿಸ್ಕೊಳ್ಳಾಕೆ ರೈಲು ಅಂತ ಸುಳ್ಳೇಳ್ದ!" ಕಿಟಕಿಯಿಂದ ಬೆಟ್ಟಮ್ಮ ಕಿರುಚಿದಳು. "ಈಗ ಇಬ್ರಾದ್ರು!"

ಧರಣೇಂದ್ರಯ್ಯನವರು ಬಾಯಿ ತೆರೆದರು. ಬೀಗರು ಸುಳ್ಳುಗಾರರು ಎಂದರೆ ತಾವು ಬದುಕಿದಂತೆ, ಆದರೆ ಸಂಬಂಧ ಅಲ್ಲಿಗೇ ಮುಗಿದಂತೆ. ಬಾಗಿಲ ಮರೆಯಲ್ಲಿ ಮಲ್ಲಿಗೆ ಮುಡಿದು ನಿಂತ ರಾಜೀಮತಿ ಕಂಡಳು. ತೆರೆದ ಬಾಯಿ ಮುಚ್ಚಿಕೊಂಡಿತು.

"ಹೌದು, ಹಿಂದಿನ ಸೀಟು" ಎಂದರು ಮೆಲ್ಲಗೆ.

ಬೀಗರನ್ನೂ ಕೊಟ್ಟಿಗೆಯಲ್ಲಿ ಕೂರಿಸಿದ್ದಾಯಿತು. ಅನಂತಮತಿ ನಿಯಮಗಳನ್ನು ಮತ್ತೆ ಮೊದಲಿನಿಂದ ಹೇಳಿದರು. ಅವರು ಮುಗಿಸುವಷ್ಟರಲ್ಲಿ ಹೊತ್ತು ಮುಳುಗಿತು. ಇನ್ನು ನಾಳೆ ಬೆಳಗಿನವರೆಗೆ ಹೋಳಿಗೆಯ ವಾಸನೆ ಮಾತ್ರ.

"ಅಲ್ಲ ಬೀಗರೇ," ಕತ್ತಲಲ್ಲಿ ನೇಮಿರಾಜಯ್ಯ ಪಿಸುಗುಟ್ಟಿದರು, "ಸಂಬಂಧವೇನೋ ಗಟ್ಟಿ, ನನ್ನ ಮಾತು ಮಾತೇ. ಆದರೆ ಒಂದು ವಿಷಯ. ವಿಮಾನದ ಒಳಗೆ ಹೇಗಿರುತ್ತೆ?"

"ಅಂದ್ರೆ?"

"ಬೆಳಗಿನ ಬಸ್ಸಿನಲ್ಲಿ ನಿಮ್ಮ ಸುದ್ದಿ ನಮ್ಮೂರಿಗೆ ಬಂತು, ದೊರೆ ಸಮೇತ. ಹೆಣ್ಣಿನ ಕಡೆಯೋರು ವಿಮಾನ ಹತ್ತಿ, ಗಂಡಿನ ಕಡೆಯೋರು ಹತ್ತಲಿಲ್ಲ ಅಂದ್ರೆ ಮರ್ಯಾದೆಯೇ? ನೀವು ಕಂಡೋರು. ಸ್ವಲ್ಪ ಹೇಳಿಕೊಡಿ."

ಧರಣೇಂದ್ರಯ್ಯನವರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಬೀಗರೇ, ನಾನೂ..." ಎಂದು ಶುರುಮಾಡುವಷ್ಟರಲ್ಲಿ ಸೌದೆಯ ಹಿಂದಿನಿಂದ ಮತ್ತೆ ನೀಲಗಿರಿ ಎಣ್ಣೆಯ ವಾಸನೆ ಬಂತು.

"ಹಾ... ಹಾ... ಕ್ಷೀ!"

"ನೆಗಡಿಯೇ ಬೀಗರೇ?" ನೇಮಿರಾಜಯ್ಯ ಕೇಳಿದರು.

"ನಾನು ಸೀನಲಿಲ್ಲ. ನೀವಲ್ಲವೇ?"

"ನಾನಲ್ಲ."

ಇಬ್ಬರೂ ಅಂಗೈಗಳನ್ನು ಬಿಡಿಸಿ, ಮುಂದೆ ಚಾಚಿ, ಅಲ್ಲಾಡದೆ ಕೂತರು.