ಬೇಸಿಗೆಯಲ್ಲಿ ನೋಡಿದ ಪ್ಲಾಟು

ಖಾಲಿ ಜಾಗ ಕೊಳ್ಳುವ ಮೊದಲು ಏನೇನು ಪರೀಕ್ಷಿಸಬೇಕೆಂದು ಯಾರಾದರೂ ಕೇಳಿದರೆ ನಾನು ಒಂದು ತಾಸು ನಿಲ್ಲದೆ ಮಾತಾಡಬಲ್ಲೆ. ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆ, ಯಾವುದನ್ನೂ ಸುಮ್ಮನೆ ನಂಬದ ಬುದ್ಧಿ. ಇವೆರಡೂ ಇರುವವನ ಕೈಗೆ ಮನೆಯವರು ಯಾವ ಮುಖ್ಯ ಕೆಲಸವನ್ನೂ ಒಪ್ಪಿಸಬಾರದೆಂಬುದು ಸಾಕಷ್ಟು ದಣಿದ ಮೇಲೆ ನನಗೆ ಹೊಳೆದಿದೆ.

ಲಿಂಗಸುಗೂರಿನ ಬಾಡಿಗೆ ಮನೆಗಳಲ್ಲಿ ಗೋಡೆಗೆ ಮೊಳೆ ಹೊಡೆಯಲೂ ಅಪ್ಪಣೆ ಕೇಳಿ ಬೇಸತ್ತಿದ್ದ ನಮ್ಮವ್ವನಿಗೆ, ತವರಾದ ತುರ್ವಿಹಾಳಕ್ಕೆ ಹತ್ತಿರವಾಗಿ, ಸಿಂಧನೂರಿನ ಅಂಚಿನಲ್ಲೊಂದು ಸ್ವಂತ ಮನೆ ಬೇಕಿತ್ತು. ಮೇ ತಿಂಗಳಲ್ಲಿ ಒಂದು ಪ್ಲಾಟು ನೋಡಿದೆವು. ಪಹಣಿ ತೆಗೆಸಿದೆ, ಹೊಲವನ್ನು ಮನೆ ಕಟ್ಟುವ ಜಾಗವಾಗಿಸಿದ ಎನ್‌ಎ ಆದೇಶ ಓದಿದೆ, ಋಣಭಾರ ಪತ್ರ ತಂದೆ, ನಾಲ್ಕೂ ದಿಕ್ಕಿನ ಚೆಕ್‌ಬಂದಿಯನ್ನು ಟೇಪು ಹಿಡಿದು ಅಳೆದೆ. ಮಾರುವವನ ಅಕ್ಕತಂಗಿಯರೆಲ್ಲ ಸಹಿ ಹಾಕುತ್ತಾರೆಯೇ ಎಂದು ಮೂರನೇ ಸಲ ಕೇಳಿದಾಗ ಏಜೆಂಟ್ ಕೈಮುಗಿದ: "ಸರ್, ನೀವು ಪ್ಲಾಟ್ ತಗೊಳ್ಳಾಕ ಬಂದೀರೋ, ಕೇಸ್ ಹಾಕಾಕ ಬಂದೀರೋ?" ನಾನದನ್ನು ಹೊಗಳಿಕೆ ಎಂದುಕೊಂಡೆ.

ತುರ್ವಿಹಾಳದಲ್ಲಿ ಭತ್ತ ಬೆಳೆಯುವ ಸೋದರಮಾವ ನನ್ನ ಫೈಲನ್ನು ಮುಟ್ಟಲೂ ಇಲ್ಲ. ಬಿರುಕು ಬಿಟ್ಟ ಎರೆಮಣ್ಣಿನ ಮೇಲೆ ಓಡಾಡಿ, ಒಣಗಿದ ಜೊಂಡಿನ ಬುಡವೊಂದನ್ನು ಕಿತ್ತು ನನ್ನ ಮೂಗಿನ ಮುಂದೆ ಹಿಡಿದರು.

"ಇದು ನೀರಾಗ ಬೆಳಿಯೋದಪಾ ಅಳಿಯಾ. ಕಾಲುವಿಗೆ ನೀರು ಬಿಡಲಿ, ಸುತ್ತ ನಾಟಿ ಆಗಲಿ, ಆಮ್ಯಾಲ ಬಂದು ನೋಡೂಣು."

"ಒಂದು ಹುಲ್ಲುಕಡ್ಡಿ ಸಾಕ್ಷಿ ಆಗ್ತೈತೇನು ಮಾವ? ಯಾವ ದಾಖಲೆದಾಗ ಐತಿ ತೋರಿಸ್ರಿ."

"ದಾಖಲೆ ಓದಾಕ ನೀ ಅದೀಯಲ್ಲ. ನಾ ಮಣ್ಣು ನೋಡೀನಿ, ಹೇಳೀನಿ."

ಅನುಭವ ಬೇರೆ, ಪುರಾವೆ ಬೇರೆ ಎಂದು ನಾನು ಬಿಡದೆ ವಾದಿಸಿದೆ. ಮಾವ ಬೀಡಿ ಹಚ್ಚಿದರು. ಅವ್ವ ಓದಿದ ಮಗನನ್ನು ನಂಬಿದಳು. ನೋಂದಣಿಯಾಯಿತು.

ಆಗಸ್ಟಿನಲ್ಲಿ ಭೂಮಿಪೂಜೆಗೆ ಹೋದರೆ ಕಾಲುವೆ ತುಂಬಿ ಹರಿಯುತ್ತಿತ್ತು. ಸುತ್ತಲೂ ಹಸಿರು ಭತ್ತ, ನಡುವೆ ನಮ್ಮ ಪ್ಲಾಟಿನಲ್ಲಿ ಪಾದ ಮುಳುಗುವಷ್ಟು ಬಸಿನೀರು. ಗೌಂಡಿ ಹಾರೆ ಊರಿದ. ಅದು ತಾನಾಗಿಯೇ ಇಳಿಯಿತು. "ಇಲ್ಲಿ ಪಾಯ ನಿಲ್ಲಂಗಿಲ್ರೀ ಅಕ್ಕಾರ" ಎಂದ. ಒಂದು ಕೈಯಲ್ಲಿ ತೆಂಗಿನಕಾಯಿ, ಇನ್ನೊಂದರಲ್ಲಿ ಚಪ್ಪಲಿ ಹಿಡಿದಿದ್ದ ಅವ್ವ ನನ್ನತ್ತ ತಿರುಗಿದಳು: "ನಿನ್ನ ಕಾಗದದಾಗ ಈ ನೀರು ಇರಲಿಲ್ಲೇನಪಾ?" ಮಾವ ಧೋತರ ಎತ್ತಿಕಟ್ಟಿ ಕೆಸರಿನಿಂದ ಹಾರೆ ಕಿತ್ತು ಗೌಂಡಿಯ ಕೈಗೆ ಕೊಟ್ಟರು. ಬೈದಿದ್ದರೆ ನಾನು ಉತ್ತರವನ್ನಾದರೂ ಕೊಡುತ್ತಿದ್ದೆ.

ಅಂದಿನಿಂದ ಆ ಪ್ಲಾಟು ಮಾರಾಟಕ್ಕಿದೆ. ಅದು ಹೋಗಿ ದುಡ್ಡು ಕೈಗೆ ಬಾರದೆ ಅವ್ವನಿಗೆ ಬೇರೆ ಜಾಗವಿಲ್ಲ. ಹೋದ ಬೇಸಿಗೆಯಲ್ಲಿ ಮಸ್ಕಿಯ ಮಾಸ್ತರರೊಬ್ಬರು ಬಂದು ಎಲ್ಲ ಕಾಗದ ಕೇಳಿದರು, ಎಲ್ಲವನ್ನೂ ತೋರಿಸಿದೆ. ಕೊನೆಗೆ ಮನಸ್ಸು ತಡೆಯದೆ, ಕಾಲುವೆಗೆ ನೀರು ಬಿಟ್ಟಾಗ ಇಲ್ಲಿ ನೀರು ನಿಲ್ಲುತ್ತದೆಂದು ಹೇಳಿಬಿಟ್ಟೆ. ಅವರು ಕನ್ನಡಕದ ಮೇಲಿಂದ ನೋಡಿದರು.

"ನನ್ನ ಹೆದರಿಸಿ ಕಳಿಸಿ ಬ್ಯಾರೇರಿಗೆ ಕೊಡಬೇಕಂತ ಮಾಡೀರೇನ್ರೀ? ನೀರು ಬರ್ತೈತಿ ಅನ್ನಾಕ ಪುರಾವೆ ಏನೈತಿ?"

ಕಾಲಡಿಯಲ್ಲಿ ಒಣ ನೆಲ; ನನ್ನ ಬಳಿ ಏನೂ ಇರಲಿಲ್ಲ. ಆದರೂ ವಾದಿಸಿದೆ. ಮಾಸ್ತರರು ಒಂದೊಂದೇ ಮಾತನ್ನು ಮುರಿದು ಹಾಕುತ್ತ ಬಂದರು. ನಿಜ ಹೇಳುತ್ತೇನೆ, ಸ್ವಲ್ಪ ಹೊತ್ತಿನಲ್ಲಿ ನಾನು ಬೇಕೆಂದೇ ಸೋಲುವ ಹಾಗೆ ವಾದಿಸತೊಡಗಿದ್ದೆ.