ಶೂಟಿಂಗಿಗೆ ಜನ ಬೇಕಾಗಿದ್ದಾರೆ

ಊರಿಗಾಂನ ಹಳೇ ಚಿನ್ನದ ಗಣಿ ಕಟ್ಟಡಗಳ ಮುಂದೆ ಕ್ಯಾಮೆರಾ ಇಟ್ಟರೆ ಸಾಕು, ಏನಾದರೊಂದು ಎಡವಟ್ಟು ಆಗೇ ಆಗುತ್ತದೆ. ಶೂಟಿಂಗಿಗೆ ಬಂಗಾರಪೇಟೆ ಸುತ್ತಿನ ಹಳ್ಳಿಗಳಿಂದ ಜನ ಕರೆತರುವುದು ನನ್ನ ಕೆಲಸ. ಹಾಗಾಗಿ ಬೈಗುಳವೆಲ್ಲ ನನ್ನ ಪಾಲಿಗೇ.

ರೌಡಿಯ ಭಕ್ತಿ

ಹೀರೋಗೆ ದೊಣ್ಣೆಯಲ್ಲಿ ಹೊಡೆಯಲು ಒಬ್ಬ ರೌಡಿ ಬೇಕೆಂದರು. ನಮ್ಮೂರ ಡೈರಿಗೆ ಹಾಲು ಹಾಕುವವನೊಬ್ಬನನ್ನು ಕರೆದೊಯ್ದೆ. ಆಳು ಆರಡಿ. ಎದೆ ಮೇಲೆ ಅದೇ ಹೀರೋನ ಹಚ್ಚೆ ಇರುವುದು ನನಗೇನು ಗೊತ್ತು? "ಆ್ಯಕ್ಷನ್" ಅಂದಾಗಲೆಲ್ಲ ದೊಣ್ಣೆ ಎತ್ತುತ್ತಾನೆ, ಕೆಳಗಿಟ್ಟು ಹೀರೋನ ಕಾಲಿಗೆ ಬೀಳುತ್ತಾನೆ. ಕಡೆಗೆ ಹೀರೋನೇ ಬೇಡಿಕೊಂಡರು, "ಹೊಡಿಯಪ್ಪಾ, ಬಿಸಿಲು ಏರ್ತಾ ಇದೆ." ಹೊಡೆದ. ಹೊಡೆದು, ಗೋಡೆ ಹಿಂದೆ ಹೋಗಿ ಗೊಳೋ ಎಂದು ಅತ್ತ. ಅಳು ಚೆನ್ನಾಗಿದೆಯೆಂದು ನಿರ್ದೇಶಕರು ಅದನ್ನೂ ಶೂಟ್ ಮಾಡಿಕೊಂಡರು.

ಸಿನಿಮಾದಲ್ಲಿ ಹೊಡೆದದ್ದು ಕಟ್ ಆಯಿತು, ಅತ್ತದ್ದು ಉಳಿಯಿತು.

ಟೀವಿ ಅತ್ತೆ

ಧಾರಾವಾಹಿಯಲ್ಲಿ ಸೊಸೆಗೆ ಕಾಟ ಕೊಡುವ ಅತ್ತೆಯಾಗಿ ನಟಿಸುವವರು ಬಂಗಾರಪೇಟೆಯ ಸೀರೆ ಅಂಗಡಿಯೊಂದರ ಉದ್ಘಾಟನೆಗೆ ಬಂದಿದ್ದರು. ನಮ್ಮ ದೊಡ್ಡಮ್ಮ ನೇರ ಹೋಗಿ ಕೈ ಹಿಡಿದರು. "ಆ ಮಗೀಗೆ ಯಾಕಮ್ಮ ಅನ್ನ ಆಕಲ್ಲ ನೀನು?"

ನಟಿ ನಗಲಿಲ್ಲ. "ಇನ್ಮೇಲೆ ಹಾಕ್ತೀನಿ ದೊಡ್ಡಮ್ಮ" ಎಂದು ಮಾತು ಕೊಟ್ಟರು. ಮರುವಾರ ನೋಡಿದರೆ, ಧಾರಾವಾಹಿಯ ಸೊಸೆ ಎಲೆ ಮುಂದೆ ಕೂತು ಉಣ್ಣುತ್ತಿದ್ದಾಳೆ! "ನಾನ್ ಯೋಳಿದ್ಮೇಲೆ ಕಣೇ" ಎಂದು ದೊಡ್ಡಮ್ಮ ಬೀದಿಗೆಲ್ಲ ಸಾರಿದರು.

ಅವರ ಸ್ವಂತ ಸೊಸೆ ಗುಟ್ಟಾಗಿ ನನ್ನ ಹತ್ತಿರ ಬಂದಳು. "ಅಣ್ಣ, ಆ ಟೀವಿ ಅತ್ತೆ ನಂಬರ್ ಐತಾ? ನಮ್ಮತ್ತೆಗೂ ಒಂದ್ ಮಾತು ಯೋಳಿಸ್ಬೇಕು."

ಮಸಿ ಮುಖ

ಅವತ್ತು ಹೀರೋಗೆ ಗಣಿ ಕಾರ್ಮಿಕನ ವೇಷ, ಮೈತುಂಬ ಮಸಿ. ಅತ್ತ ಅವರ ಬದಲು ಬೈಕ್ ಹಾರಿಸುವ ಡ್ಯೂಪ್ ಮಿಂಚುವ ಜಾಕೆಟ್ಟು, ಕಪ್ಪು ಕನ್ನಡಕ ಹಾಕಿ ನಿಂತಿದ್ದ. ಮಾರಿಕುಪ್ಪಂ ರೈಲಿಳಿದು ಬಂದ ಅಭಿಮಾನಿಗಳು ಅವನನ್ನೇ ಹೀರೋ ಅಂದುಕೊಂಡು ಮುತ್ತಿಕೊಂಡರು.

ಹೀರೋ ಟೀ ಅಂಗಡಿಗೆ ಬಂದರು. ಅಂಗಡಿ ಅಜ್ಜಿ ಗದರಿತು, "ಇಲ್ಯಾಕ್ಲಾ ನಿಂತಿದ್ದೀಯ? ಓಗಿ ನೀನೂ ಒಂದ್ ಫೋಟೊ ತಗೋ."

"ನಾನೇ ಅಜ್ಜಿ ಹೀರೋ."

ಅಜ್ಜಿ ಮೇಲಿಂದ ಕೆಳಗೆ ನೋಡಿತು. "ಆಗ್ತೀಯ ಬಿಡಪ್ಪ. ಮೊದ್ಲು ಮುಖ ತೊಳ್ಕೋ."

ಹೀರೋ ನಕ್ಕ ನಗುವಿಗೆ ಟೀ ಚೆಲ್ಲಿತು. ಸೀದಾ ಹೋಗಿ ಫೋಟೊ ಸಾಲಿನಲ್ಲಿ ನಿಂತರು. ಸರದಿ ಬಂದಾಗ ಡ್ಯೂಪ್ ಬೆವೆತುಹೋದ, ಕನ್ನಡಕ ತೆಗೆಯಲು ಹೋದ. "ಸುಮ್ನೆ ನಿಂತ್ಕೊಳ್ಳಿ ಸಾರ್, ಇವತ್ತು ನಿಮ್ಮ ದಿನ" ಎಂದು ಹೀರೋ ಮೆಲ್ಲಗೆ ಹೇಳಿ, ಅವನ ಹೆಗಲ ಮೇಲೆ ಕೈ ಹಾಕಿದರು. ನಾನು ಇನ್ನೇನು ಫೋಟೊ ತೆಗೆಯಬೇಕು, ಹಿಂದಿನಿಂದ ಅಜ್ಜಿ ಕೂಗಿತು:

"ಏಯ್, ಆ ಮಸಿ ಉಡುಗನ್ನ ದೂರ ನಿಲ್ಸ್ರಲಾ! ಈರೋ ಜಾಕೆಟ್ಟು ಕೊಳೆ ಆಗ್ತದೆ!"